ಗಾಡಿ ಮಾತು: ಬೆನ್ನ ಹಿಂದಿನ ಭಾರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಟ್ರೈಲರ್ ಬಗ್ಗೆಯೇ ಇವೆ. ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಯಿತೆಂದರೆ ಕೊಡಗಿನವರಿಗೆ ಕಾಲು ನಿಲ್ಲುವುದಿಲ್ಲ. ನಾನು ಮೆಕ್ಯಾನಿಕ್ ಅಲ್ಲ. ಮೂವತ್ತೊಂದು ವರ್ಷ ಜೀಪಿನ ಬೆನ್ನಿಗೆ ಟ್ರೈಲರ್ ಕಟ್ಟಿಕೊಂಡು ಗೊಬ್ಬರ, ಕಾಫಿ, ಒಣಹುಲ್ಲು ಸಾಗಿಸಿದವಳು. ಒಮ್ಮೆ ಒಂದು ಎಮ್ಮೆಯನ್ನೂ ಸಾಗಿಸಿದ್ದೇನೆ, ಅದರ ಕಥೆ ಈಗ ಬೇಡ. ಕೈಯಾರೆ ಕಲಿತಷ್ಟನ್ನು ಹೇಳುತ್ತೇನೆ.

ತಂಗಿ, ನನಗೆ 68 ವರ್ಷ. ಮಗಳಿಗೆ ಕಾರವಾರಕ್ಕೆ ವರ್ಗವಾಗಿದೆ. ಲಾರಿ ಬಾಡಿಗೆ ಕೇಳಿಯೇ ತಲೆ ತಿರುಗಿತು. ಮನೆಯಲ್ಲಿ ಡೀಸೆಲ್ ಜೀಪು, ನೋಂದಣಿಯಾದ ಎರಡು ಚಕ್ರದ ಟ್ರೈಲರ್ ಎರಡೂ ಇವೆ. ಕಬ್ಬಿಣದ ಬೀರು, ಮಂಚ, ವಾಷಿಂಗ್ ಮೆಷಿನ್, ಎರಡು ಮೂಟೆ ಅಕ್ಕಿ, ಜೊತೆಗೆ ನನ್ನವಳ ಹಟಕ್ಕೆ ಒಂದು ರುಬ್ಬುವ ಕಲ್ಲು ಒಯ್ಯಬೇಕು. ತೋಟದೊಳಗೆ, ಸಂತೆಗೆ ಓಡಿಸಿ ಅಭ್ಯಾಸವಿದೆ. ಇಷ್ಟು ದೂರ ಹೋಗಿಲ್ಲ. ಜೀಪು ಎಳೆದೀತೇ?
— ಓದುಗರು, ಸುಂಟಿಕೊಪ್ಪ

ಎಳೆಯುತ್ತದೆ ಅಣ್ಣ. ಎಳೆಯಲಾಗದಿದ್ದರೆ ಮಡಿಕೇರಿಯ ಏರಿನಲ್ಲಿ ಏದುಸಿರು ಬಿಟ್ಟು ನಿಂತೀತು, ಅಷ್ಟೇ. ನೀವು ಕೇಳಬೇಕಾದದ್ದು ಇನ್ನೊಂದು. ಮಡಿಕೇರಿ ದಾಟಿದ ಮೇಲೆ ಟ್ರೈಲರ್ ನಿಮ್ಮನ್ನು ತಳ್ಳತೊಡಗುತ್ತದೆ. ಆಗ ಜೀಪು ತಡೆದೀತೇ? ನಮ್ಮ ಕಡೆಯ ಎರಡು ಚಕ್ರದ ಟ್ರೈಲರ್‌ಗಳಲ್ಲಿ ಬ್ರೇಕ್ ಇರುವುದು ಅಪರೂಪ. ನಿಮ್ಮದರಲ್ಲೂ ಇಲ್ಲವೆಂದೇ ಇಟ್ಟುಕೊಂಡು ಹೇಳುತ್ತೇನೆ.

ಒಂದು ಲೆಕ್ಕ ನೋಡಿ. ಜೀಪು, ಜನ, ಟ್ರೈಲರ್, ಸಾಮಾನು ಎಲ್ಲ ಸೇರಿ 2,400 ಕೆ.ಜಿ. ಎನ್ನೋಣ. ಮಡಿಕೇರಿಯಿಂದ ಸಂಪಾಜೆಗೆ ನೀವು ಇಳಿಯುವುದು ಸುಮಾರು ಸಾವಿರ ಮೀಟರ್. ಆ ಇಳಿತವನ್ನೆಲ್ಲ ಬ್ರೇಕಿನಲ್ಲೇ ತಡೆದರೆ ಹುಟ್ಟುವ ಶಾಖದಲ್ಲಿ 70 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಬಚ್ಚಲ ಹಂಡೆ ತುಂಬ ನೀರು ಕಾಯಿಸಲು ಎಷ್ಟು ಸೌದೆ ಬೇಕೆಂದು ನಿಮಗೆ ಗೊತ್ತು. ಅಷ್ಟೂ ಬೆಂಕಿ ಜೀಪಿನ ನಾಲ್ಕು ಚಕ್ರಗಳ ಒಳಗೆ ಕೂತಿರುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. 1996ರ ಏಪ್ರಿಲ್‌ನಲ್ಲಿ ತಂಗಿಯ ಹೊಸ ಮನೆಗೆ ಹಲಸಿನ ಮರದ ಬಾಗಿಲು, ಚೌಕಟ್ಟು ಹೇರಿಕೊಂಡು ಸುಳ್ಯಕ್ಕೆ ಹೊರಟಿದ್ದೆ. ಮದೆನಾಡು ದಾಟಿದ ಮೇಲೆ ಒಂದು ಲಾರಿಯ ಹಿಂದೆ ಸಿಕ್ಕಿಕೊಂಡೆ. ಮೂರನೇ ಗೇರಿನಲ್ಲೇ ಇದ್ದು ಬ್ರೇಕ್ ಮೇಲೆ ಕಾಲಿಟ್ಟವಳು ತೆಗೆಯಲೇ ಇಲ್ಲ. ಮೊದಲು ಸುಟ್ಟ ಗೋಣಿಯಂಥ ವಾಸನೆ ಬಂತು; ಲಾರಿಯದ್ದು ಎಂದುಕೊಂಡೆ. ಆಮೇಲೆ ಪೆಡಲ್ ಕೆಸರುಗದ್ದೆಯಲ್ಲಿ ಕಾಲಿಟ್ಟಂತೆ ಮೆತ್ತಗೆ ಇಳಿಯಿತು. ಎರಡನೇ ಗೇರು, ಮೊದಲನೇ ಗೇರು, ಕೈಬ್ರೇಕ್, ಕೊನೆಗೆ ಎಡಗಡೆಯ ಚಕ್ರಗಳನ್ನು ಚರಂಡಿಗೆ ಇಳಿಸಿ ಪಕ್ಕದ ಮಣ್ಣಿನ ಬರೆಗೆ ಉಜ್ಜಿಸಿ ನಿಲ್ಲಿಸಿದೆ. ಬಲಗಡೆ ಪ್ರಪಾತವಿತ್ತು. ಜೊತೆಗಿದ್ದ ಹುಡುಗ ಚಕ್ರಕ್ಕೆ ನೀರು ಎರಚಲು ಕೊಡ ಹಿಡಿದು ಓಡಿದ, ಗದರಿಸಿ ತಡೆದೆ. ಕಾದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ನಲವತ್ತು ನಿಮಿಷ ಕಳೆದ ಮೇಲೆ ಪೆಡಲ್ ಏನೂ ಆಗಿಲ್ಲವೆಂಬಂತೆ ಗಟ್ಟಿಯಾಯಿತು. ಮೋಸ ಇರುವುದೇ ಅಲ್ಲಿ. ಗ್ಯಾರೇಜಿಗೆ ಹೋದಾಗ ಎಲ್ಲ ಸರಿಯಾಗಿಯೇ ಇರುತ್ತದೆ.

ಆದದ್ದಿಷ್ಟು: ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ಗುಳ್ಳೆಯನ್ನು ಎಷ್ಟು ಒತ್ತಿದರೂ ಚಕ್ರ ಹಿಡಿಯುವುದಿಲ್ಲ. ನಾಲ್ಕು ತಿಂಗಳು ಬಟ್ಟೆಯೂ ಒಣಗದ ನಮ್ಮ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಆ ಎಣ್ಣೆ ಬದಲಾಯಿಸದವರು ಟ್ರೈಲರ್ ಕಟ್ಟಲೇಬಾರದು.

ಹಾಗಾಗಿ ಮಡಿಕೇರಿಯಲ್ಲಿ, ಘಾಟಿ ಆರಂಭವಾಗುವ ಮೊದಲೇ, ಗಾಡಿ ನಿಧಾನವಾಗಿದ್ದಾಗಲೇ ಗೇರು ಇಳಿಸಿ. ಹತ್ತುವ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುತ್ತಿದ್ದರು. ಬೆನ್ನಿಗೆ ಭಾರವಿದ್ದರೆ ಅದಕ್ಕಿಂತಲೂ ಒಂದು ಕೆಳಗೆ. ಎಂಜಿನ್ ಕೂಗಾಡಲಿ ಬಿಡಿ. ವೇಗ ಏರಿತೆನ್ನಿಸಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ವೇಗ ಇಳಿಸಿ ಕಾಲು ಪೂರ್ತಿ ತೆಗೆಯಿರಿ, ತಣಿಯಲು ಬಿಡಿ. ಬ್ರೇಕ್ ಹಾಕುವುದೆಲ್ಲ ತಿರುವಿಗೆ ಮುಂಚೆ, ನೇರ ರಸ್ತೆಯಲ್ಲಿ ಮುಗಿಯಲಿ. ತಿರುವಿನ ನಡುವೆ ಒತ್ತಿದರೆ ಟ್ರೈಲರ್ ಹಿಂದಿನಿಂದ ತಳ್ಳಿ ಜೀಪಿನ ಬಾಲವನ್ನು ಪಕ್ಕಕ್ಕೆ ಒಯ್ಯುತ್ತದೆ, ಎರಡೂ ಸೇರಿ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಡೀಸೆಲ್ ಉಳಿಯಲೆಂದು ನ್ಯೂಟ್ರಲ್ ಮಾಡುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ಲಾರಿಯನ್ನೇ ಗೊತ್ತುಮಾಡಿ.

ಈಗ ಹೇರುವ ವಿಷಯ. ನಮ್ಮ ಮಾವ ಎತ್ತಿನಗಾಡಿಯ ಕಾಲದವರು. ಮೂಟೆ ಹೇರಿದ ಮೇಲೆ ಮೂಕಿಯನ್ನು, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿದ ದಂಡವನ್ನು, ಒಮ್ಮೆ ಕೈಯಲ್ಲಿ ಎತ್ತಿ ನೋಡದೆ ಎತ್ತು ಕಟ್ಟುತ್ತಿರಲಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣು, ಹಿಂಭಾರವಾದರೆ ನೊಗವೇ ಮೇಲೇಳುತ್ತದೆ. ಟ್ರೈಲರ್‌ಗೂ ಅದೇ ಶಾಸ್ತ್ರ, ಕೈ ಅಂದಾಜಿನ ಬದಲು ತಕ್ಕಡಿ ಬೇಕು. ಟ್ರೈಲರ್‌ನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕು. 800 ಕೆ.ಜಿ. ಇದ್ದರೆ 80ರಿಂದ 120. ಜೀಪಿನ ಕೊಂಡಿ ತಾಳುವ ಮಿತಿ ಇದಕ್ಕಿಂತ ಕಡಿಮೆಯಿದ್ದರೆ ಆ ಮಿತಿಯೇ ಲೆಕ್ಕ. ಹಾಗಿದ್ದಾಗ ಸಾಮಾನು ಕಡಿಮೆ ಮಾಡಿ, ಹಿಂದಕ್ಕೆ ಸರಿಸಬೇಡಿ.

ಕಾಫಿ ತೂಗುವ ಪ್ಲಾಟ್‌ಫಾರಂ ತಕ್ಕಡಿ ನಿಮ್ಮ ಕಣದಲ್ಲೇ ಇರುತ್ತದಲ್ಲ, ಅದನ್ನು ಸಮತಟ್ಟಾದ ಜಾಗದಲ್ಲಿಡಿ. ಅದರ ಮೇಲೆ ಸಿಮೆಂಟ್ ಇಟ್ಟಿಗೆ ಪೇರಿಸಿ ಜೀಪಿನ ಕೊಂಡಿಯಷ್ಟೇ ಎತ್ತರ ಮಾಡಿ. ಟ್ರೈಲರ್ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮೂಕಿಯ ತುದಿಯನ್ನು ಇಟ್ಟಿಗೆಯ ಮೇಲೆ ಇಳಿಸಿ. ಬಂದ ತೂಕದಲ್ಲಿ ಇಟ್ಟಿಗೆಯದನ್ನು ಕಳೆಯಿರಿ. ಕಡಿಮೆ ಬಂದರೆ ಒಂದು ಅಕ್ಕಿ ಮೂಟೆ ಮುಂದೆ ತನ್ನಿ. ಅಚ್ಚಿನಿಂದ ಕೊಂಡಿಗೆ ಎರಡೂವರೆ ಮೀಟರ್ ಇದ್ದರೆ, 50 ಕೆ.ಜಿ. ಮೂಟೆಯನ್ನು ಒಂದು ಮೀಟರ್ ಮುಂದೆ ಸರಿಸಿದಾಗ ಕೊಂಡಿಯ ಮೇಲೆ 20 ಕೆ.ಜಿ. ಹೆಚ್ಚುತ್ತದೆ. ಹತ್ತು ನಿಮಿಷದ ಕೆಲಸ, ದಾರಿಯುದ್ದಕ್ಕೂ ನಿಶ್ಚಿಂತೆ.

ರುಬ್ಬುವ ಕಲ್ಲು ಅಚ್ಚಿಗಿಂತ ತುಸು ಮುಂದೆ, ತಳದಲ್ಲಿ, ನಡುವೆ ಇರಲಿ. ಗುಂಡುಕಲ್ಲನ್ನು ಬೇರೆಯಾಗಿ ಗೋಣಿಯಲ್ಲಿ ಕಟ್ಟಿ. ಉರುಳುವ ಕಲ್ಲು ಟ್ರೈಲರ್‌ನ ಹಲಗೆಯನ್ನೇ ಒಡೆಯುತ್ತದೆ. ಬೀರುವನ್ನು ನಿಲ್ಲಿಸಬೇಡಿ, ಮಲಗಿಸಿ. ಅದರೊಳಗೆ ಪಾತ್ರೆ ತುಂಬುವ ಆಸೆಯನ್ನು ಅತ್ತಿಗೆಯವರು ಬಿಡಬೇಕು. ನೈಲಾನ್ ಹಗ್ಗ ಬಿಸಿಲಿಗೆ, ಕುಲುಕಾಟಕ್ಕೆ ಸಡಿಲವಾಗುತ್ತದೆ. ಬಿಗಿಯುವ ಹಲ್ಲುಪಟ್ಟಿಯ (ರ್ಯಾಚೆಟ್) ಬೆಲ್ಟ್ ನಾಲ್ಕು ಕೊಳ್ಳಿ. ಕೊಂಡಿಯ ಪಿನ್ನಿಗೆ ಅಡ್ಡ ಕ್ಲಿಪ್ ಇದೆಯೇ ನೋಡಿ. ಮೊಳೆ ಬಗ್ಗಿಸಿ ಸಿಕ್ಕಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಜೊತೆಗೆ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡಹಾಯುವಂತೆ ಕಟ್ಟಬೇಕು. ಪಿನ್ ಕಳಚಿದರೂ ಮೂಕಿಯ ತುದಿ ತೊಟ್ಟಿಲಲ್ಲಿ ಬಿದ್ದಂತೆ ಸರಪಳಿಯ ಮೇಲೆ ಬೀಳುತ್ತದೆ, ರಸ್ತೆಗೆ ನಾಟುವುದಿಲ್ಲ. ತಿರುವಿಗೆ ಸಾಕಾಗುವಷ್ಟು ಉದ್ದ, ನೆಲಕ್ಕೆ ತಾಗದಷ್ಟು ಗಿಡ್ಡ ಇರಲಿ.

ಹಿಂದಿನ ದೀಪ, ಬ್ರೇಕ್ ದೀಪ, ಇಂಡಿಕೇಟರ್‌ಗಳನ್ನು ಒಬ್ಬರು ಹಿಂದೆ ನಿಂತು ನೋಡಲಿ. ಟ್ರೈಲರ್ ಜೀಪಿನ ದೀಪಗಳನ್ನು ಮರೆಮಾಡುತ್ತದೆ. ಅದರ ದೀಪ ಉರಿಯದಿದ್ದರೆ ಮಂಜಿನಲ್ಲಿ ನೀವು ಇದ್ದೂ ಇಲ್ಲದವರು.

ದಾರಿ ಎರಡು ದಿನದ್ದೆಂದು ಇಟ್ಟುಕೊಳ್ಳಿ. ಬೆಳಗ್ಗೆ ಮಂಜು ಸರಿದ ಮೇಲೆ ಹೊರಟು ಮಡಿಕೇರಿಯಲ್ಲಿ ಮೊದಲ ನಿಲುಗಡೆ. ಹದಿನೈದು ಕಿಲೋಮೀಟರ್ ಕುಲುಕಿದ ಮೇಲೆ ಬೆಲ್ಟ್‌ಗಳು ಸಡಿಲವಾಗಿಯೇ ಇರುತ್ತವೆ, ಮತ್ತೆ ಬಿಗಿಯಿರಿ. ಜೋಡುಪಾಲ, ಕೊಯನಾಡು ದಾಟಿ ಸಂಪಾಜೆಯಲ್ಲಿ ಒಂದು ಕಾಫಿ. ಗಾಡಿಗೂ ಅರ್ಧ ಗಂಟೆ ವಿಶ್ರಾಂತಿ. ಸುಳ್ಯ, ಪುತ್ತೂರು, ಮಾಣಿ, ಮಂಗಳೂರು ದಾಟಿ ಉಡುಪಿಯಲ್ಲಿ ಉಳಿದುಕೊಳ್ಳಿ, ಸುಮಾರು ಅರ್ಧ ದಾರಿ ಮುಗಿದಿರುತ್ತದೆ. ಮರುದಿನ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ನೋಡಲು ಚೆಂದ, ಆದರೆ ಅಡ್ಡಗಾಳಿಗೆ ತಡೆಯೇ ಇಲ್ಲ. ಹೊನ್ನಾವರದ ಶರಾವತಿ ಸೇತುವೆಯಲ್ಲೂ ಹಾಗೆಯೇ. ಅಲ್ಲಿ 50ರ ಮೇಲೆ ಹೋಗಬೇಡಿ. ಜೂನ್ ಹಿಡಿದ ಮೇಲಂತೂ ಈ ಪ್ರಯಾಣ ಬೇಡವೇ ಬೇಡ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಬೆಟ್ಟವೇ ಜಾರಿ ರಸ್ತೆ ಮುಚ್ಚಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಟ್ರೈಲರ್ ಸಮೇತ ತಿರುಗಿಸಿಕೊಂಡು ಬರಲು ಜಾಗವೂ ಸಿಗುವುದಿಲ್ಲ.

ಅಕ್ಕ, ಹಳೆಯದೊಂದು ಪುಟ್ಟ ಕ್ಯಾಂಪಿಂಗ್ ಟ್ರೈಲರ್ ಕೊಂಡು ಕಾರಿಗೆ ಕಟ್ಟಿ ಹಂಪಿಗೆ ಹೊರಟಿದ್ದೆವು. ಹುಣಸೂರು ದಾಟಿದ ಮೇಲೆ 85ರಲ್ಲಿ ಹೋಗುತ್ತಿದ್ದಾಗ ಒಂದು ಬಸ್ಸು ನಮ್ಮನ್ನು ಹಿಂದಿಕ್ಕಿತು. ಟ್ರೈಲರ್ ನಾಯಿ ಬಾಲದಂತೆ ಆಡತೊಡಗಿತು. ಬ್ರೇಕ್ ಹಾಕಿದೆ, ಇನ್ನೂ ಜೋರಾಯಿತು. ಹೇಗೋ ನಿಂತೆವು. ಹೆಂಡತಿ ಇನ್ನು ಮುಂದೆ ಬರುವುದಿಲ್ಲ ಎನ್ನುತ್ತಾಳೆ.
— ಓದುಗರು, ಗೋಣಿಕೊಪ್ಪ

ಅವರು ಹೇಳುವುದರಲ್ಲಿ ನ್ಯಾಯವಿದೆ. ಮೊದಲು ಒಂದು ಪ್ರಶ್ನೆ: ನೀರಿನ ಟ್ಯಾಂಕ್ ಎಲ್ಲಿದೆ? ಇಂಥ ಟ್ರೈಲರ್‌ಗಳಲ್ಲಿ ಅಡುಗೆಕಟ್ಟೆ ಹಿಂಬಾಗಿಲ ಬಳಿ ಇರುವುದು ಸಾಮಾನ್ಯ. ಅದರ ಕೆಳಗೇ 60 ಲೀಟರ್ ಟ್ಯಾಂಕ್ ಇದ್ದರೆ 60 ಕೆ.ಜಿ. ಭಾರ ಬಾಲದ ತುದಿಯಲ್ಲಿ ತೂಗುತ್ತಿರುತ್ತದೆ. ಅರ್ಧ ತುಂಬಿದ್ದರೆ ಇನ್ನೂ ಕೆಟ್ಟದ್ದು. ನೀರು ಓಲಾಡಿ ಪ್ರತಿ ತೂಗಾಟಕ್ಕೂ ಕೈ ಜೋಡಿಸುತ್ತದೆ. ಟ್ಯಾಂಕ್ ಬರಿದು ಮಾಡಿ ಹೊರಡಿ, ತಂಗುವ ಊರಿನಲ್ಲಿ ತುಂಬಿಸಿ. ಗ್ಯಾಸ್ ಒಲೆ, ಮಡಚುವ ಕುರ್ಚಿ, ಪೆಟ್ಟಿಗೆಗಳನ್ನು ಅಚ್ಚಿನ ಮುಂದಕ್ಕೆ ತನ್ನಿ. ಮೇಲಿನ ಉತ್ತರದಲ್ಲಿರುವ ತಕ್ಕಡಿ ಪರೀಕ್ಷೆಯನ್ನು ನೀವೂ ಮಾಡಿ. ಕಣವಿಲ್ಲದಿದ್ದರೆ ನೆಂಟರ ಕಣ ಇದ್ದೇ ಇರುತ್ತದೆ.

ಬಸ್ಸು ಹಿಂದಿಕ್ಕುವಾಗ ಗಾಳಿ ಮೊದಲು ಹೊರಕ್ಕೆ ತಳ್ಳುತ್ತದೆ, ಆಮೇಲೆ ಒಳಕ್ಕೆ ಸೆಳೆಯುತ್ತದೆ. ಮುಂಭಾರ ಸರಿಯಿರುವ ಟ್ರೈಲರ್ ಒಂದು ಸಲ ಅಲುಗಿ ಸುಮ್ಮನಾಗುತ್ತದೆ. ಹಿಂಭಾರದ್ದು ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಬೀಸುತ್ತದೆ, ವೇಗ ಹೆಚ್ಚಿದಷ್ಟೂ ಬೀಸು ಹೆಚ್ಚು. ಅಂಥ ಹೊತ್ತಿನಲ್ಲಿ ಸ್ಟಿಯರಿಂಗನ್ನು ನೇರಕ್ಕೆ ಗಟ್ಟಿಯಾಗಿ ಹಿಡಿದು ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ. ಅಷ್ಟೇ. ಟ್ರೈಲರ್ ಎಡಕ್ಕೆ ಹೋಯಿತೆಂದು ನೀವು ಬಲಕ್ಕೆ ತಿರುಗಿಸಿದರೆ, ನಿಮ್ಮ ತಿರುವು ಮುಟ್ಟುವಷ್ಟರಲ್ಲಿ ಅದು ಬಲಕ್ಕೆ ಬಂದಿರುತ್ತದೆ. ಉಯ್ಯಾಲೆಗೆ ನೀವೇ ತಳ್ಳು ಕೊಟ್ಟಂತೆ. ಕಾರಿನ ಬ್ರೇಕ್ ಬೇಡ. ಟ್ರೈಲರ್‌ಗೇ ಬೇರೆ ಬ್ರೇಕ್ ಇದ್ದು ಅದನ್ನು ಕೈಯಿಂದ ಒತ್ತುವ ವ್ಯವಸ್ಥೆ ಇದ್ದರೆ ಅದೊಂದನ್ನೇ ಒತ್ತಿ. ಹಿಂದಿನದು ತಡೆದರೆ ಗಾಡಿ ನೇರವಾಗುತ್ತದೆ. ವೇಗ ಹೆಚ್ಚಿಸಿದರೆ ನೆಟ್ಟಗಾಗುತ್ತದೆ ಎಂದು ಹೇಳುವ ಪಂಡಿತರು ಪ್ರತಿ ಕಾಫಿ ಅಂಗಡಿಯಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ.

ಸರಿಪಡಿಸಿದ ಮೇಲೂ 60ರ ಆಸುಪಾಸಿನಲ್ಲೇ ಹೋಗಿ. ಹಂಪಿ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಗಾಡಿಗೂ ನಿಮಗೂ ಎಂದಿಗಿಂತ ಎರಡು ಪಟ್ಟು ಅಂತರ ಬಿಡಿ. ನಡುವೆ ಯಾರಾದರೂ ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಟ್ರೈಲರ್‌ನಲ್ಲಿ ಹಾಸಿಗೆ ಹಾಕಿ ಮಕ್ಕಳನ್ನು ಕೂರಿಸಬಹುದೇ? ನಿಧಾನವಾಗಿಯೇ ಹೋಗುತ್ತೇವೆ.
— ಓದುಗರು, ಸಿದ್ದಾಪುರ

ಇಲ್ಲ. ಮಕ್ಕಳನ್ನೂ ಕೂಡದು, ಕೂಲಿಯವರನ್ನೂ ಕೂಡದು.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚಿಕ್ಕದೊಂದು ಟ್ರೈಲರ್ ಮಾಡಿಸಿ ಕಾರಿಗೆ ಕಟ್ಟಬೇಕೆಂದಿದ್ದೇನೆ. ಎಂಜಿನ್ನೇ ಇಲ್ಲದ ಡಬ್ಬಕ್ಕೆ ನೋಂದಣಿ ಯಾಕೆ ಎನ್ನುತ್ತಾನೆ ವೆಲ್ಡರ್.
— ಓದುಗರು, ವಿರಾಜಪೇಟೆ

ವೆಲ್ಡರ್ ಬೆಸುಗೆ ಹಾಕಲಿ, ಕಾನೂನು ಹೇಳುವುದು ಬೇಡ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ಮೋಟಾರು ವಾಹನ' ಎಂಬ ಪದದ ವ್ಯಾಖ್ಯೆಯೊಳಗೆ ಟ್ರೈಲರ್ ಕೂಡ ಸೇರಿದೆ. ಎಂಜಿನ್ ಇಲ್ಲದಿದ್ದರೂ ನೋಂದಣಿ ಬೇಕು. ಕಬ್ಬಿಣ ಕೊಯ್ಯಿಸುವ ಮೊದಲೇ ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ ಯಾವ ನಮೂನೆಗೆ ಒಪ್ಪಿಗೆ ಸಿಗುತ್ತದೆ ಎಂದು ಕೇಳಿ; ಮಾಡಿಸಿದ ಮೇಲೆ ಕೇಳಿದರೆ ಗುಜರಿಯ ಪಾಲಾದೀತು. ವಿಮೆಯವರಿಗೂ ಟ್ರೈಲರ್ ಇದೆಯೆಂದು ತಿಳಿಸಿ ಅದನ್ನು ಪಾಲಿಸಿಯಲ್ಲಿ ಬರೆಸಿ. ಕಾರಿನ ಕೈಪಿಡಿಯಲ್ಲಿ ಎಳೆಯಬಹುದಾದ ತೂಕ ಎಷ್ಟೆಂದು ಇಲ್ಲದಿದ್ದರೆ, ಅಥವಾ ಎಳೆಯಬಾರದು ಎಂದಿದ್ದರೆ, ಆಸೆ ಬಿಡಿ. ಬಂಪರ್‌ಗೆ ಬೆಸುಗೆ ಹಾಕಿದ ಕೊಂಡಿ ಬಂಪರನ್ನು ಮಾತ್ರ ಎಳೆದುಕೊಂಡು ಹೋಗುತ್ತದೆ.

ಆಂಟಿ, ನನಗೆ 22. ಜೀಪು ಚೆನ್ನಾಗಿ ಓಡಿಸುತ್ತೇನೆ. ಆದರೆ ಟ್ರೈಲರ್ ಕಟ್ಟಿ ಹಿಂದಕ್ಕೆ ತೆಗೆಯುವಾಗ ಪ್ರತಿ ಸಲ ಉಲ್ಟಾ ಹೋಗುತ್ತದೆ. ಅಣ್ಣಂದಿರು ಸಾಲಾಗಿ ನಿಂತು ನಗುತ್ತಾರೆ.
— ಓದುಗರು, ನಾಪೋಕ್ಲು

ಮೊದಲು ಅಣ್ಣಂದಿರನ್ನು ಕಳಿಸು ಮಗಳೇ. ಕಾಫಿ ತೆಗೆದ ಮೇಲೆ ಕಣ ಖಾಲಿ ಬಿದ್ದಿರುತ್ತದೆ. ನಾಲ್ಕು ಕೊಡ ಇಟ್ಟು ಗೇಟು ಮಾಡಿಕೋ. ಕೈಯನ್ನು ಸ್ಟಿಯರಿಂಗಿನ ತಳಭಾಗದಲ್ಲಿ, ಗಡಿಯಾರದ ಆರರ ಜಾಗದಲ್ಲಿ ಹಿಡಿ. ಟ್ರೈಲರ್‌ನ ಹಿಂಭಾಗ ಎಡಕ್ಕೆ ಹೋಗಬೇಕೇ? ಕೈ ಎಡಕ್ಕೆ ಸರಿಸು. ಬಲಕ್ಕೆ ಬೇಕೇ? ಬಲಕ್ಕೆ. ತಲೆಯಲ್ಲಿ ತಿರುಗುಮುರುಗು ಲೆಕ್ಕವೇ ಬೇಡ. ಒಂದು ಅಂಗುಲ ಸರಿಸಿ ಕಾದು ನೋಡು, ಟ್ರೈಲರ್ ತಡವಾಗಿ ಉತ್ತರಿಸುತ್ತದೆ. ಅದು ತಿರುಗಲು ಶುರುವಾದ ತಕ್ಷಣ ಕೈಯನ್ನು ಆಚೆ ತಂದು ಅದರ ಹಿಂದೆಯೇ ಜೀಪನ್ನು ಒಯ್ಯಬೇಕು, ಇಲ್ಲದಿದ್ದರೆ ಮಡಚಿಕೊಳ್ಳುತ್ತದೆ. ಮಡಚಿತೆನ್ನಿಸಿದರೆ ಜಗಳ ಬೇಡ, ಮುಂದೆ ಹೋಗಿ ನೇರ ಮಾಡಿ ಮತ್ತೆ ಬಾ. ಮೂಕಿ ಗಿಡ್ಡವಾದಷ್ಟೂ ಟ್ರೈಲರ್ ಚುರುಕು, ಕಲಿಯುವುದು ಕಷ್ಟ. ನಿಮ್ಮ ತೋಟದ್ದು ಗಿಡ್ಡವೇ ಇರಬೇಕು. ಕನ್ನಡಿ ಸಾಲದಿದ್ದರೆ ಇಳಿದು ನೋಡು. ಇಳಿದು ನೋಡುವುದಕ್ಕೆ ನಾನು ಇವತ್ತಿಗೂ ನಾಚುವುದಿಲ್ಲ.

ಮುಂದಕ್ಕೆ ಹೋಗುವಾಗಲೂ ಒಂದು ಮಾತು. ತಿರುವಿನಲ್ಲಿ ಟ್ರೈಲರ್ ಚಕ್ರ ಜೀಪಿನ ಚಕ್ರದ ದಾರಿ ಹಿಡಿಯುವುದಿಲ್ಲ, ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ತೋಟದ ಗೇಟಿನ ಕಲ್ಲುಕಂಬ ಉರುಳುವುದೆಲ್ಲ ಹೀಗೆಯೇ.

ನಮ್ಮ ಟ್ರೈಲರ್ ವರ್ಷಕ್ಕೆ ಮೂರು ತಿಂಗಳು ಕಾಫಿ ಹೊರುತ್ತದೆ, ಒಂಬತ್ತು ತಿಂಗಳು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುತ್ತದೆ. ಟೈರಿನ ಪಟ್ಟೆ ಹೊಸದರಂತಿದೆ. ಬೆಂಗಳೂರಿಗೆ ಒಯ್ಯಬಹುದಲ್ಲವೇ?
— ಓದುಗರು, ಸೋಮವಾರಪೇಟೆ

ಟೈರು ಸವೆಯದೆಯೂ ಮುದಿಯಾಗುತ್ತದೆ. ಅದರ ಬದಿಯಲ್ಲಿ, ಡಾಟ್ (DOT) ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿಗಳನ್ನು ಹುಡುಕಿ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಕೆಳಗೆ ನುಸುಳಿ ಇನ್ನೊಂದು ಬದಿ ನೋಡಿ. ಉಗುರಿನಿಂದ ಬದಿಯನ್ನು ಒತ್ತಿದಾಗ ಕೂದಲೆಳೆಯ ಬಿರುಕುಗಳು ಬಾಯಿ ಬಿಟ್ಟರೆ ಆ ಟೈರಿಗೆ ಬೆಂಗಳೂರು ದೂರ. ನಾನಂತೂ ಏಳು ವರ್ಷ ದಾಟಿದ್ದನ್ನು ತೋಟದಾಚೆ ಒಯ್ಯುವುದಿಲ್ಲ. ಗಾಳಿ ತುಂಬಿಸುವುದು ಟೈರ್ ತಣ್ಣಗಿದ್ದಾಗ. ಗಾಳಿ ಕಡಿಮೆಯಿದ್ದರೆ ಟೈರ್ ಬದಿ ಬಗ್ಗಿ ಬಗ್ಗಿ ಕಾಯುತ್ತದೆ, ಕಾದದ್ದು ಹೆದ್ದಾರಿಯಲ್ಲಿ ಸಿಡಿಯುತ್ತದೆ.

ಟೈರಿಗಿಂತ ನನಗೆ ಬೇರಿಂಗ್‌ನದೇ ಹೆಚ್ಚು ಚಿಂತೆ. ಒಂಬತ್ತು ತಿಂಗಳು, ಅದರಲ್ಲೂ ಮಳೆಗಾಲ ಪೂರ್ತಿ ನಿಂತದ್ದರಲ್ಲಿ ನೀರು ಸೇರಿ ಗ್ರೀಸ್ ಮಜ್ಜಿಗೆಯಂತಾಗಿರುತ್ತದೆ. ಬಿಚ್ಚಿಸಿ, ತೊಳೆಸಿ, ಹೊಸ ಗ್ರೀಸ್ ಹಾಕಿಸಿ. ಚಕ್ರ ಎತ್ತಿ ಕೈಯಿಂದ ತಿರುಗಿಸಿದಾಗ ಮರಳು ಅರೆದಂತೆ ಸದ್ದು ಬಂದರೆ ಬೇರಿಂಗ್ ಬದಲಾಯಿಸಿ. ಹೊರಟ ಮೇಲೆ ಕುಶಾಲನಗರದಲ್ಲಿ ನಿಂತು, ಮೊದಲು ಅಂಗೈಯನ್ನು ಹತ್ತಿರ ಹಿಡಿದು, ಆಮೇಲೆ ಬೆರಳ ಹಿಂಬದಿಯಿಂದ ಎರಡೂ ಚಕ್ರಗಳ ಗುಂಬ, ಅಂದರೆ ಬೇರಿಂಗ್ ಇರುವ ನಡುಭಾಗ, ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ. ಒಂದು ಬೆಚ್ಚಗೆ, ಇನ್ನೊಂದು ಮುಟ್ಟಲಾರದಷ್ಟು ಬಿಸಿ ಇದ್ದರೆ ಅಲ್ಲೇ ನಿಲ್ಲಿಸಿ. ಅದು ಮೈಸೂರನ್ನೂ ಮುಟ್ಟುವುದಿಲ್ಲ.

ಸ್ಟೆಪ್ನಿ ಬಗ್ಗೆ ನೀವು ಬರೆದೇ ಇಲ್ಲ. ಜೀಪಿನದೇ ಆದೀತು ಎಂದುಕೊಂಡಿದ್ದರೆ ಇವತ್ತೇ ಅಂಗಳದಲ್ಲಿ ಬಿಚ್ಚಿ ಟ್ರೈಲರ್‌ಗೆ ಹಾಕಿ ನೋಡಿ. ಬೋಲ್ಟ್ ತೂತುಗಳು ಸೇರದೆ ಹೋಗಬಹುದು. ಜ್ಯಾಕ್ ಅಚ್ಚಿನ ಕೆಳಗೆ ನುಸುಳುತ್ತದೆಯೇ, ಪಾನಾ ಆ ನಟ್ಟುಗಳಿಗೆ ಕೂರುತ್ತದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.